ಅರವತ್ತೆರಡು ಮೇಲ್, ಒಂದಕ್ಕೂ ಉತ್ತರವಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆ ಕೇಳಿ ನನ್ನಲ್ಲಿಗೆ ಬಂದವರಿಗೆ 30 ವರ್ಷ. ಬೆಂಗಳೂರಿನಲ್ಲಿ ಪಿಎಚ್‌ಡಿ, ಥೀಸಿಸ್ ಸಲ್ಲಿಸಿ ಐದು ತಿಂಗಳಾದರೂ ವೈವಾ (ಮೌಖಿಕ ಪರೀಕ್ಷೆ) ಆಗಿಲ್ಲ. ಹಣ್ಣುನೊಣದ ನ್ಯೂರೋಬ್ಲಾಸ್ಟ್, ಅಂದರೆ ನರಕೋಶಗಳ ತಾಯಿಕೋಶ, ಸರದಿಯಂತೆ ಬೇರೆ ಬೇರೆ ನರಕೋಶ ಹುಟ್ಟಿಸುವುದು ಹೇಗೆ ಎಂಬುದು ಅವರ ವಿಷಯ. ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನೆಗೆ) ಇಲಿಯ ಕಾರ್ಟೆಕ್ಸ್‌ಗೆ, ಅಂದರೆ ಮಿದುಳಿನ ಹೊರಪದರಕ್ಕೆ, ಹೊರಳುವಾಸೆ. ನಿದ್ದೆ ಕೆಟ್ಟಿದೆ, ಊರಿಂದ ಅಪ್ಪನ ಫೋನ್ ಬಂದರೆ ಎತ್ತುವುದಿಲ್ಲ. "ನನಗೆ ಯೋಗ್ಯತೆಯಿಲ್ಲ" ಎಂದು ತಾವೇ ತೀರ್ಪು ಕೊಟ್ಟುಕೊಂಡಿದ್ದರು.

ಪೋಸ್ಟ್‌ಡಾಕ್ ಕೇಳಿ ಲ್ಯಾಬ್‌ಗಳಿಗೆ ಅವರು ಕಳಿಸಿದ್ದ ಮೇಲ್‌ಗಳನ್ನು ತೆಗೆದು ಓದಿದರೆ ಯೋಗ್ಯತೆಯ ಮಾತೇ ಬರಲಿಲ್ಲ. ಅರವತ್ತೆರಡಕ್ಕೂ ಒಂದೇ ಒಕ್ಕಣೆ: "ತಮ್ಮ ಪ್ರತಿಷ್ಠಿತ ಲ್ಯಾಬಿನಲ್ಲಿ ಅವಕಾಶವಿದೆಯೇ?" ಎರಡರಲ್ಲಿ ಬೇರೆ ಲ್ಯಾಬಿನ ಹೆಸರು ಹಾಗೇ ಉಳಿದಿತ್ತು. ಸಂಬಳದ ಹಣ ಎಲ್ಲಿಂದ ಎಂಬ ಸುಳಿವು ಎಲ್ಲೂ ಇಲ್ಲ.

ಮೊದಲ ಸಲಹೆ: ಎಂಟೇ ಲ್ಯಾಬ್ ಆರಿಸಿ, ಪ್ರತಿಯೊಂದರ ಎರಡು ಪೇಪರ್ ಓದಿ, ಒಂದು ಪ್ರಶ್ನೆಯಿಂದ ಮೇಲ್ ಶುರುಮಾಡಿ. ಅವರ ಕೈಯಲ್ಲೇ ಒಳ್ಳೆಯ ಪ್ರಶ್ನೆಯಿತ್ತು. ನೊಣದ ತಾಯಿಕೋಶದಲ್ಲಿ ಸರದಿಯಂತೆ ಆನ್ ಆಗುವ ಜೀನ್‌ಗಳು: ಮೊದಲು ಹಂಚ್‌ಬ್ಯಾಕ್, ಆಮೇಲೆ ಕ್ರುಪೆಲ್, ಪಿಡಿಎಂ, ಕ್ಯಾಸ್ಟರ್. ಹಂಚ್‌ಬ್ಯಾಕ್‌ನ ಇಲಿಯ ಬಂಧು ಇಕಾರೋಸ್ ಕೂಡ ಕಾರ್ಟೆಕ್ಸ್‌ನಲ್ಲಿ ಮೊದಲು ಹುಟ್ಟುವ ನರಕೋಶಗಳಿಗೆ ದಾರಿ ಮಾಡುತ್ತದೆ. ಹಾಗಾದರೆ ಅದನ್ನು ಆಫ್ ಮಾಡುವುದು ಯಾರು? ಈ ನಾಲ್ಕು ಸಾಲು ಮೇಲ್‌ನ ಆರಂಭಕ್ಕೆ ಬಂದವು. ಕೊನೆಯಲ್ಲಿ ಒಂದು ವಾಕ್ಯ: "ನಾನೇ ಫೆಲೋಶಿಪ್‌ಗೆ ಬರೆಯುತ್ತೇನೆ."

ಹಾಗೆ ಬರೆಯುವ ಮುನ್ನ ದಿನಾಂಕಗಳನ್ನು ಕೂಡಿ ನೋಡಬೇಕಿತ್ತು. ಎಷ್ಟೋ ಜನ ಎಡವುವುದು ಇಲ್ಲೇ. ವಿನಿಮಯ ವಿದ್ಯಾರ್ಥಿಯಾಗಿ ಇತ್ತೀಚೆಗೆ ಅವರು ಜರ್ಮನಿಯಲ್ಲಿ 14 ತಿಂಗಳು ಇದ್ದರು. ಯುರೋಪಿಯನ್ ಒಕ್ಕೂಟದ ಮರೀ ಕ್ಯೂರಿ ಫೆಲೋಶಿಪ್‌ನಲ್ಲಿ ಕೊನೆ ದಿನಾಂಕದ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು. ಅಂದರೆ ಈ ವರ್ಷ ಜರ್ಮನಿ ಇಲ್ಲ, ಆಸ್ಟ್ರಿಯಾ ಆಗುತ್ತದೆ. ಆ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ಗೆ. ಅಷ್ಟರೊಳಗೆ ವೈವಾ ಮುಗಿದಿರಬೇಕು. ಆದ್ದರಿಂದ ಪರೀಕ್ಷಕರ ವರದಿ ಎಲ್ಲಿ ನಿಂತಿದೆಯೆಂದು ವಾರಕ್ಕೊಮ್ಮೆ ಕಚೇರಿಗೆ ಹೋಗಿ ಕೇಳಿ. ಇದು ನಾಚಿಕೆಪಡುವ ವಿಷಯವಲ್ಲ.

ಯುರೋಪಿನ ಜೀವವಿಜ್ಞಾನ ಸಂಸ್ಥೆ ಎಂಬೊದ ಫೆಲೋಶಿಪ್‌ಗೆ ವರ್ಷವಿಡೀ ಅರ್ಜಿ ಹಾಕಬಹುದು, ಆದರೆ ಮೊದಲ ಲೇಖಕಿಯಾಗಿ ಪೇಪರ್ ಬೇಕು. ಎಚ್‌ಎಫ್‌ಎಸ್‌ಪಿ ಎಂಬ ಅಂತರರಾಷ್ಟ್ರೀಯ ಫೆಲೋಶಿಪ್ ಮೂರು ವರ್ಷದ್ದು; ಹಳೆಯ ಕೆಲಸದಿಂದ ನಿಜವಾದ ತಿರುವು ಕೇಳುತ್ತದೆ. ನೊಣ ಬಿಟ್ಟು ಇಲಿ ಹಿಡಿದೆ ಎಂದರೆ ಅದು ತಿರುವಾಗದು. ಅಮೆರಿಕದ ಎಫ್32 ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಪಟ್ಟಿಯಿಂದ ಹೊಡೆದುಹಾಕಿಸಿದೆ.

ಯೋಜನೆಯ ಕರಡಿನಲ್ಲಿ "ಗರ್ಭದೊಳಗಿನ ಎಲೆಕ್ಟ್ರೊಪೊರೇಷನ್ ಒಂದು ತಿಂಗಳಲ್ಲಿ ಕಲಿಯುತ್ತೇನೆ" ಎಂದಿತ್ತು. ವಿದ್ಯುತ್ ಮಿಡಿತ ಕೊಟ್ಟು ಭ್ರೂಣದ ಮಿದುಳಿನ ಕೋಶಗಳಿಗೆ ಡಿಎನ್‌ಎ ಸೇರಿಸುವ ವಿಧಾನವದು; ಕೈ ಪಳಗಿದವರು ನಗುವ ಸಾಲು. ಪ್ಲಗ್ (ಹೆಣ್ಣಿಲಿ ಕೂಡಿದ ಗುರುತು) ಕಂಡ ದಿನದ ಮಧ್ಯಾಹ್ನವೇ ಗರ್ಭದ 0.5ನೇ ದಿನ, 12.5ನೇ ದಿನ ಹುಟ್ಟುವುದು ಕಾರ್ಟೆಕ್ಸ್‌ನ ಆಳದ ಪದರದ ನರಕೋಶ, 15.5ರಲ್ಲಿ ಮೇಲಿನ ಪದರದ್ದು. ಎಣಿಕೆಯಲ್ಲಿ ಒಂದು ದಿನ ತಪ್ಪಿದರೆ ಪದರವೇ ತಪ್ಪುತ್ತದೆ. ವೋಲ್ಟೇಜ್ ಹೆಚ್ಚಿದರೆ ಭ್ರೂಣ ಸಾಯುತ್ತದೆ. ಇದರ ಮೇಲೆ, ಯುರೋಪಿನಲ್ಲಿ ಪ್ರಾಣಿ ಪ್ರಯೋಗದ ತರಬೇತಿ ಮುಗಿಯದೆ ಇಲಿ ಮುಟ್ಟುವಂತಿಲ್ಲ. ಮೊದಲ ಆರು ತಿಂಗಳಿಗೆ ನೊಣದಲ್ಲೇ ಒಂದು ಪೂರಕ ಪ್ರಯೋಗ ಇಟ್ಟುಕೊಳ್ಳಲು ಹೇಳಿದೆ.

ಇನ್‌ಬಾಕ್ಸ್ ನೋಡಲು ದಿನಕ್ಕೆ ಎರಡು ಹೊತ್ತು ಗೊತ್ತುಮಾಡಿದೆವು, ಮಲಗುವ ಮುನ್ನ ಬೇಡ. ಅಪ್ಪನಿಗೆ ಹೇಳುವ ಮಾತನ್ನೂ ಕೂತು ಬರೆದೆವು: "ಸೆಪ್ಟೆಂಬರ್‌ನಲ್ಲಿ ಅರ್ಜಿ, ಫಲಿತಾಂಶ ಫೆಬ್ರವರಿಗೆ. ಅಲ್ಲಿಯವರೆಗೆ ಭಾನುವಾರ ಮಾತ್ರ ಕೇಳಪ್ಪ." ನಾಲ್ಕನೇ ಭೇಟಿಗೆ ಬಂದಾಗ ಎಂಟರಲ್ಲಿ ಮೂರು ಉತ್ತರ ಬಂದಿದ್ದವು, ಅದರಲ್ಲೊಂದಕ್ಕೆ ಮರುಬರೆಯುತ್ತ, ಮುಂದೆ ಲ್ಯಾಬ್ ಬಿಟ್ಟು ಹೋಗುವಾಗ ಪ್ರಾಜೆಕ್ಟ್ ಜೊತೆಗೆ ಒಯ್ಯಬಹುದೇ ಎಂದು ಇವರೇ ಕೇಳಿದ್ದರು.