ಮಾರಿಕಣಿವೆಯ ನೀರಿನ ಮೇಲೆ ದೊಡ್ಡಪ್ಪ, ದೊಡ್ಡಮ್ಮ

ಚಿತ್ರದುರ್ಗ ಜಿಲ್ಲೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವರೂ ಇದ್ದಾರೆಯೇ ಎಂದು ಕೇಳಿದ್ದೀರಿ. ನಮ್ಮನ್ನು ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲೇ ಕಂಡವರಿಗೆ ಈ ಪ್ರಶ್ನೆ ಬರುವುದು ಸಹಜ. ಇದ್ದಾರೆ. ಅವರಲ್ಲಿ ಇಬ್ಬರು ನನ್ನ ದೊಡ್ಡಪ್ಪ ಮತ್ತು ದೊಡ್ಡಮ್ಮ. ಇಬ್ಬರಿಗೂ ಎಪ್ಪತ್ತರ ಆಸುಪಾಸು. ಮಕ್ಕಳು ದುಡಿಯುತ್ತಾರೆ, ಮೀನು ಮಾರಿದ ಹಣದಿಂದಲೇ ಒಲೆ ಉರಿಯಬೇಕಾದ ಕಾಲ ಮುಗಿದಿದೆ. ಆದರೂ ಗಾಳಿ ಬಿಡುವು ಕೊಟ್ಟ ದಿನ ಕೋಳಿ ಕೂಗುವ ಹೊತ್ತಿಗೆ ನೀರಿಗಿಳಿಯುತ್ತಾರೆ. ಅವರಿಗೆ ಅದು ಇಷ್ಟ, ಅದಕ್ಕೆ.

ಅವರು ತೆಪ್ಪ ಬಿಡುವುದು ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ. ಹೊರಗಿನವರು ಹಾಗೆ ಕರೆಯುತ್ತಾರೆ. ನಮಗೆ ಅದು ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿ ನುಸುಳಿ ಹೋಗುತ್ತಿದ್ದ ಕಿರಿದಾದ ಜಾಗಕ್ಕೆ ಮೈಸೂರು ಸಂಸ್ಥಾನದವರು 1898ರಲ್ಲಿ ಕಲ್ಲಿನ ಕಟ್ಟೆ ಶುರು ಮಾಡಿ 1907ಕ್ಕೆ ಮುಗಿಸಿದರು. ಅಣೆಕಟ್ಟೆಯ ಭರ್ತಿ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಎಂಬತ್ತೊಂಬತ್ತು ವರ್ಷ! ಇದನ್ನು ನೀವು ಸ್ವಲ್ಪ ನಿಂತು ಯೋಚಿಸಬೇಕು. ದೊಡ್ಡಪ್ಪನವರ ತಂದೆ ಹುಡುಗನಾಗಿ ಕಂಡ ಕೋಡಿಯನ್ನು ದೊಡ್ಡಪ್ಪ ಮುದುಕರಾದ ಮೇಲೆ ಕಂಡರು. ಆ ದಿನ ಕಣಿವೆ ಮಾರಮ್ಮನ ಗುಡಿಯ ಕಡೆ ಕಾಲಿಡಲು ಜಾಗವಿರಲಿಲ್ಲ. ದೊಡ್ಡಮ್ಮ ಅರಿಸಿನ ಕುಂಕುಮ ಹಿಡಿದು ಗಂಗೆಪೂಜೆಗೆ ಹೋದವರು ನೀರು ನೋಡುತ್ತಾ ಸಂಜೆಯವರೆಗೂ ಮನೆಗೆ ಬರಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ಇದೇ ವೇದಾವತಿಗೆ ಸೇರಿ ಬರುವುದರಿಂದ ಹಿನ್ನೀರಿಗೆ ಬಲ ಬಂದಿದೆ. ಅದಕ್ಕೂ ಮುಂಚಿನ ಬರದ ವರ್ಷಗಳಲ್ಲಿ ನೀರು ಕಟ್ಟೆಯ ಹತ್ತಿರಕ್ಕೆ ಕುಗ್ಗಿ, ಇವರ ತೆಪ್ಪ ಹಿತ್ತಲಿನಲ್ಲಿ ಬೋರಲಾಗಿ ಒಣಗುತ್ತಿತ್ತು. ಆ ಒಣ ವರ್ಷಗಳನ್ನು ಕಂಡ ಕಾರಣಕ್ಕೇ ಈಗಿನ ಸಂತೋಷ ಇಷ್ಟು ದೊಡ್ಡದು ಎಂದು ನಾನು ನಂಬಿದ್ದೇನೆ.

ದೊಡ್ಡಮ್ಮನ ತವರು ಆಂಧ್ರದ ಮಡಕಶಿರಾ ಸೀಮೆ, ಅಮರಾಪುರದ ಕಡೆ. ಹಾಗಾದರೆ ತೆಲುಗಿನವರೇ ಎಂದು ನೀವು ಅಂದುಕೊಳ್ಳಬಹುದು. ಆ ಕಡೆ ಎಷ್ಟೋ ಊರುಗಳಲ್ಲಿ ಮನೆಮಾತು ಕನ್ನಡವೇ. ಅವರು ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ತೆಲುಗು. ಇಂದಿಗೂ ಮೀನಿನ ಲೆಕ್ಕವನ್ನು ಕನ್ನಡದ ಮಾತಿನಲ್ಲಿ, ತೆಲುಗಿನ ಅಕ್ಷರದಲ್ಲಿ ಬರೆದಿಡುತ್ತಾರೆ. ದೊಡ್ಡಪ್ಪನಿಗೆ ಆ ಪುಸ್ತಕ ಓದಲು ಬರುವುದಿಲ್ಲ, ಆದ್ದರಿಂದ ಲೆಕ್ಕ ಪೂರ್ತಿ ದೊಡ್ಡಮ್ಮನದೇ. ಗಡಿಯಾಚೆಯಿಂದ ಕೊರಮೀನು ಕೇಳಿಕೊಂಡು ಬರುವ ವ್ಯಾಪಾರಿಗಳ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡುವವರೂ ಅವರೇ. ನಮ್ಮ ಗಡಿಯಲ್ಲಿ ಹೆಣ್ಣು ಕೊಡುವುದು, ತರುವುದು, ಜಾತ್ರೆ, ಸಂತೆ ಎಲ್ಲವೂ ಹೀಗೆಯೇ ಎರಡೂ ಕಡೆ ಹರಿದಾಡುತ್ತವೆ. ನದಿಯೂ ಅಷ್ಟೇ. ಕಟ್ಟೆ ದಾಟಿದ ವೇದಾವತಿ ಹಿರಿಯೂರು, ಪರಶುರಾಂಪುರದ ಮೇಲೆ ಸಾಗಿ ಆಂಧ್ರದ ಭೈರವಾನಿತಿಪ್ಪ ಜಲಾಶಯ ಸೇರುತ್ತಾಳೆ.

ಈಗ ತೆಪ್ಪದ ಮಾತು. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ದೊಡ್ಡ ಬುಟ್ಟಿ ಅದು. ಹಿಂದೆ ತಳಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ದುಂಡಗಿರುವುದರಿಂದ ಅದಕ್ಕೆ ಹಿಂದು ಮುಂದು ಎಂಬುದಿಲ್ಲ. ಹುಟ್ಟು ಹಾಕಲು ಬಾರದವರು ಕೂತರೆ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ನಮ್ಮಲ್ಲಿ ಹುಟ್ಟು ಹಾಕುವವರು ದೊಡ್ಡಮ್ಮ, ಬಲೆ ಬಿಡುವವರು ದೊಡ್ಡಪ್ಪ. ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಮಸುಕಿನಲ್ಲಿ ಎತ್ತಬೇಕು. ಅವರು ಹಗ್ಗ ಎಳೆದಷ್ಟೇ ನಿಧಾನಕ್ಕೆ ಇವರು ತೆಪ್ಪ ಸರಿಸಬೇಕು. ತುಸು ಅವಸರವಾದರೂ ಬಲೆ ಹರಿಯುತ್ತದೆ, ಏಕೆಂದರೆ ತುಂಬಿದ ಹಿನ್ನೀರಿನಡಿ ಮುಳುಗಿದ ಬಳ್ಳಾರಿ ಜಾಲಿಯ ಮುಳ್ಳು ಎಲ್ಲೆಲ್ಲೂ ಇದೆ. ಎಲ್ಲಿ ಜಾಲಿ, ಎಲ್ಲಿ ಹಳೆಯ ಹೊಲದ ಬದು ಎಂಬುದು ದೊಡ್ಡಮ್ಮನಿಗೆ ಬಾಯಿಪಾಠ. ನೀರಿಲ್ಲದ ವರ್ಷಗಳಲ್ಲಿ ಅದೇ ಜಾಗದಲ್ಲಿ ಕುರಿ ಮೇಯಿಸಿದವರು ಅವರು.

ತೆಪ್ಪದಲ್ಲಿ ಇಬ್ಬರೂ ಹೆಚ್ಚು ಮಾತನಾಡುವುದಿಲ್ಲ. "ನೋಡೇ, ಎಡಕ್ಕೆ" ಎಂದು ದೊಡ್ಡಪ್ಪ, "ಗೊತ್ತು, ನೀವು ಕೈ ನೋಡಿಕೊಳ್ಳಿ" ಎಂದು ದೊಡ್ಡಮ್ಮ. ಮನೆಯಲ್ಲಿ ಸೊಸೆ, ಮೊಮ್ಮಕ್ಕಳು, ಟಿವಿ, ನೆಂಟರ ನಡುವೆ ಅವರಿಬ್ಬರೇ ಕೂರುವ ಹೊತ್ತು ಸಿಗುವುದೇ ಕಡಿಮೆ. ನಮ್ಮ ಕಡೆ ವಯಸ್ಸಾದ ಗಂಡ ಹೆಂಡತಿ ಜೊತೆಯಾಗಿ ತಿರುಗಾಡಲು ಹೋಗುವ ರೂಢಿಯೂ ಇಲ್ಲ. ದೇವಸ್ಥಾನಕ್ಕೂ ಹಿಂದು ಮುಂದಾಗಿಯೇ ನಡೆಯುತ್ತಾರೆ. ತೆಪ್ಪದಲ್ಲಿ ಮಾತ್ರ ಎದುರುಬದುರು ಕೂರಲೇಬೇಕು, ಇಲ್ಲದಿದ್ದರೆ ತೂಕ ತಪ್ಪುತ್ತದೆ. ಈ ವಯಸ್ಸಿನಲ್ಲೂ ಏಕೆ ನೀರಿಗಿಳಿಯುತ್ತಾರೆ ಎಂದರೆ ನನ್ನ ಮುಖ್ಯ ಉತ್ತರ ಇದೇ.

ಬಲೆಗೆ ಬೀಳುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಜಿಲೇಬಿ ಎಂದು ಕರೆಯುವ ತಿಲಾಪಿಯಾ. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತದೆ. ಬಲೆಯನ್ನು ಎಷ್ಟು ಆಳಕ್ಕೆ ಇಳಿಸಬೇಕು ಎಂಬುದು ಅದರ ಮೇಲೆ ನಿಂತಿದೆ. ಈ ಮೂರೂ ಮೀನುಗಳು ಹರಿಯುವ ನೀರಿಲ್ಲದೆ ಮೊಟ್ಟೆ ಇಡುವುದಿಲ್ಲ, ಹಾಗಾಗಿ ಇಲಾಖೆಯವರು ಮರಿ ತಂದು ಬಿಡುತ್ತಾರೆ. ಹಿಡಿಯಲು ಪರವಾನಗಿ ಬೇಕು. ಅದನ್ನು ದೊಡ್ಡಪ್ಪ ತಪ್ಪದೆ ಮಾಡಿಸುತ್ತಾರೆ.

ಅವರಿಗೆ ನಿಜವಾದ ಮೋಹ ಇರುವುದು ಕೊರವನ, ಅಂದರೆ ಕೊರಮೀನಿನ ಮೇಲೆ, ಅದೂ ಗಾಳ ಹಾಕಿ. ಕೊರವ ಗಾಳಿಯನ್ನೂ ಉಸಿರಾಡುವ ಮೀನು. ಜೊಂಡಿನ ನಡುವೆ ಮೇಲೆದ್ದು ಗುಳುಕ್ಕೆಂದು ಉಸಿರು ಎಳೆದುಕೊಂಡು ಮುಳುಗುತ್ತದೆ. ಆ ಸದ್ದು ಬಂದ ಕಡೆಗೆ ಗಾಳ ಬೀಸಿ ಕಾಯಬೇಕು. ಮಳೆಗಾಲದಲ್ಲಿ ಅದರ ಮರಿಗಳು ಕೆಂಪಗೆ ಗುಂಪಾಗಿ ನೀರಿನ ಮೇಲೆ ಮಿಡುಕುತ್ತವೆ; ಕೆಳಗೆ ತಂದೆತಾಯಿ ಎರಡೂ ಕಾವಲಿಗಿರುತ್ತವೆ. ಆಗ ಗಾಳ ಹಾಕಿದರೆ ಸಿಟ್ಟಿಗೆದ್ದು ಸುಲಭವಾಗಿ ಕಚ್ಚುತ್ತವೆ. ಹಾಗೆ ಹಿಡಿಯುವವರೂ ಉಂಟು. ದೊಡ್ಡಪ್ಪ ಹಿಡಿಯುವುದಿಲ್ಲ. ಕಾವಲು ಹೋದರೆ ಆ ಮರಿಗಳೆಲ್ಲ ಬೇರೆ ಮೀನುಗಳ ಪಾಲಾಗುತ್ತವೆ. ಅವರ ಈ ಹಟ ನನಗೆ ಬಹಳ ಸರಿ ಎನಿಸುತ್ತದೆ.

ಮೃಗಶಿರ ಮಳೆ ಕೂಡುವ ದಿನ, ಅಂದರೆ ಜೂನ್ ಮೊದಲ ವಾರ ಕಳೆದ ಮೇಲೆ, ಮೀನು ತಿನ್ನಬೇಕೆಂಬ ನಂಬಿಕೆ ಗಡಿಯ ಎರಡೂ ಬದಿಯಲ್ಲಿದೆ. ಅವತ್ತು ಹಿಡಿದದ್ದನ್ನು ದೊಡ್ಡಮ್ಮ ಮಾರುವುದಿಲ್ಲ, ಬೀದಿಗೆ ಹಂಚುತ್ತಾರೆ. ಹುಣಸೆಹುಳಿ ಗಟ್ಟಿಯಾಗಿ ಬಿಟ್ಟು ಮಣ್ಣಿನ ಗಡಿಗೆಯಲ್ಲಿ ಮಾಡಿದ ಸಾರು, ಬಿಸಿ ರಾಗಿ ಮುದ್ದೆ. ಸಾರು ಮರುದಿನಕ್ಕೆ ಇನ್ನೂ ರುಚಿ, ಉಳಿದರೆ.

ನೋಡಲು ಬರುವುದಾದರೆ ದೀಪಾವಳಿ ಕಳೆದ ಮೇಲೆ ಬನ್ನಿ. ಆಷಾಢದ ಗಾಳಿಯಲ್ಲಿ ಅನುಭವಸ್ಥರೂ ತೆಪ್ಪ ಬಿಡುವುದಿಲ್ಲ. ಬೆಂಗಳೂರಿನಿಂದ ಹಿರಿಯೂರು ಸುಮಾರು 160 ಕಿಲೋಮೀಟರ್, ಅಲ್ಲಿಂದ ಅಣೆಕಟ್ಟೆ ಇಪ್ಪತ್ತರ ಆಸುಪಾಸು. ಹಿಂದಿನ ರಾತ್ರಿಯೇ ಬಂದು ಉಳಿದರೆ ಒಳ್ಳೆಯದು. ಈಜು ಬರದಿದ್ದರೆ ಮುಂಚೆಯೇ ಹೇಳಿ. ದೊಡ್ಡಮ್ಮ ನಿಮ್ಮನ್ನು ದಡದಲ್ಲೇ ಕೂರಿಸುತ್ತಾರೆ, ಈ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುವವರಲ್ಲ.