ಕಿಡಿ ಹಚ್ಚಿದ್ದು ಮನುಷ್ಯ ಅಂದಮೇಲೆ ಹವಾಮಾನವನ್ನು ಯಾಕೆ ದೂರಬೇಕು?

ಎಲ್ಲಾದರೂ ದೊಡ್ಡ ಕಾಡ್ಗಿಚ್ಚು ಬಿದ್ದ ಸುದ್ದಿ ಬಂದರೆ ಸಾಕು, ಅವವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಭೂಮಿ ಯಾಕೆ ಬಿಸಿಯಾಗ್ತಿದೆ ಅಂತ ಮೊದಲಿಂದ ಹೇಳುವ ತಾಳ್ಮೆ ನನಗಿಲ್ಲ. ಅದು ಗೊತ್ತಿದೆ ಅಂದುಕೊಂಡೇ ಉತ್ತರಿಸುತ್ತೇನೆ.

ಬೆಂಕಿ ಬೀಳೋದು ಸಿಗರೇಟು ತುಂಡು, ಕರೆಂಟ್ ತಂತಿ, ಕಿಡಿಗೇಡಿಗಳಿಂದ. ಇದರಲ್ಲಿ ಹವಾಮಾನ ಬದಲಾವಣೆಯ ಪಾತ್ರ ಏನು?

ಕಿಡಿ ಯಾರದು ಅನ್ನೋದನ್ನು ಪೊಲೀಸರು ಹುಡುಕಲಿ. ಆ ಕಿಡಿ ಬಿದ್ದಲ್ಲೇ ಆರದೆ ಇಡೀ ಬೆಟ್ಟ ಸುಟ್ಟಿದ್ದು ಹೇಗೆ ಅನ್ನೋದು ನನ್ನ ಪ್ರಶ್ನೆ. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಜಾಸ್ತಿಯಾಗುತ್ತದೆ. ಅಂದರೆ ಗಾಳಿಯ ಬಾಯಾರಿಕೆ ಹೆಚ್ಚುತ್ತದೆ. ಮಳೆ ಇಲ್ಲದ ಕಡೆ ಅದು ಮಣ್ಣು, ತರಗೆಲೆ, ಬಿದ್ದ ಕೊಂಬೆ, ನಿಂತ ಮರ ಎಲ್ಲದರಿಂದಲೂ ನೀರು ಹೀರುತ್ತದೆ, ಕಡಲಿನ ಮೇಲೆ ಹಾದುಬಂದರೆ ಅದೇ ಗಾಳಿ ಜಾಸ್ತಿ ಆವಿ ಹೊತ್ತು ತಂದು ಒಂದೇ ಕಡೆ ಸುರಿಯುತ್ತದೆ. ಹಾಗಾಗಿ "ಒಮ್ಮೆ ಬರ ಅಂತೀರಿ, ಒಮ್ಮೆ ಪ್ರವಾಹ ಅಂತೀರಿ" ಅಂತ ಅಣಕಿಸಬೇಡಿ. ಎರಡಕ್ಕೂ ಕಾರಣ ಒಂದೇ.

ಕೆನಡಾದ ಲಿಟನ್ ಊರಲ್ಲಿ 2021ರ ಜೂನ್ 29ರಂದು 49.6 ಡಿಗ್ರಿ ಬಿಸಿಲು. ಮರುದಿನ ಊರಿನ ಬಹುಪಾಲು ಸುಟ್ಟುಹೋಯಿತು. ಕಿಡಿ ಎಲ್ಲಿಂದ ಬಂತು ಅಂತ ಆಮೇಲೆ ಬೇಕಾದಷ್ಟು ವಾದ ನಡೆಯಿತು. ಆದರೆ ಭೂಮಿ ಬಿಸಿಯಾಗದೆ ಅಷ್ಟು ಸೆಕೆ ಬರೋದು ಹೆಚ್ಚುಕಡಿಮೆ ಅಸಾಧ್ಯ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. ಮುಂದೆ 2023ರಲ್ಲಿ ಅದೇ ದೇಶದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಾಗ ಅದರ ದೊಡ್ಡ ಪಾಲಿಗೆ ಕಿಡಿ ಕೊಟ್ಟಿದ್ದು ಸಿಡಿಲು. ಸಿಡಿಲಿನ ಮೇಲೆ ಯಾರು ಕೇಸು ಹಾಕ್ತೀರಿ?

ರಾತ್ರಿಯ ಮಾತನ್ನೂ ಹೇಳಬೇಕು. ಮೊದಲೆಲ್ಲ ಕತ್ತಲಾದರೆ ತಂಪು ಇಳಿದು ಬೆಂಕಿ ಮಂಕಾಗುತ್ತಿತ್ತು, ಆರಿಸುವವರ ಹತೋಟಿಗೆ ಅದು ಸಿಗುತ್ತಿದ್ದದ್ದೇ ಆಗ. ಈಗ ರಾತ್ರಿಗಳೂ ಬಿಸಿಯಾಗುತ್ತಿವೆ.

ಸಣ್ಣ ಬೆಂಕಿಯನ್ನೆಲ್ಲ ದಶಕಗಟ್ಟಲೆ ಆರಿಸುತ್ತಾ ಬಂದು ಕಾಡಲ್ಲಿ ಉರುವಲು ಕೂಡಿಬಿದ್ದಿದೆ, ಕಾಡಿನ ಅಂಚಿಗೇ ಮನೆ ಕಟ್ಟಿದ್ದೇವೆ, ಇದೂ ನಿಜ. ಇದನ್ನೇ ಹಿಡಿದುಕೊಂಡು ಬಿಸಿಯ ಮಾತನ್ನೇ ಎತ್ತಬೇಡಿ ಅನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ. ಹಾಗಂತ "ಈ ಬೆಂಕಿ ಹವಾಮಾನ ಬದಲಾವಣೆಯಿಂದಲೇ ಬಿತ್ತು" ಅಂತ ನನ್ನ ಬಾಯಲ್ಲಿ ಹೇಳಿಸಲೂ ನೋಡಬೇಡಿ. ಸಾಧ್ಯತೆ ಎಷ್ಟು ಹೆಚ್ಚಿತು ಅಂತಷ್ಟೇ ಹೇಳುತ್ತೇನೆ.

ಜಗತ್ತಲ್ಲಿ ಸುಡುವ ಒಟ್ಟು ಜಾಗ ಕಡಿಮೆಯಾಗಿದೆಯಂತಲ್ಲ?

ಹೌದು. ಮುಖ್ಯವಾಗಿ ಆಫ್ರಿಕಾದಂಥ ಕಡೆ ಹುಲ್ಲುಗಾವಲು ಹೊಲವಾಗಿದ್ದರಿಂದ. ಹುಲ್ಲು ಮುಂದಿನ ಮಳೆಗೆ ಚಿಗುರುತ್ತದೆ, ನೂರು ವರ್ಷದ ಮರ ಚಿಗುರಲ್ಲ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡಿ.

ಮೋಡ ಬಿತ್ತನೆ ಮಾಡಿ ಆರಿಸಬಹುದಲ್ವಾ?

ಬಿತ್ತೋಕೆ ಮೋಡ ಬೇಕಲ್ಲ ಸ್ವಾಮಿ.

2023ರಲ್ಲಿ ಹವಾಯಿಯ ಲಹೈನಾ ಊರು ಸುಟ್ಟಿದ್ದು ಲೇಸರ್ ಅಸ್ತ್ರದಿಂದ ಅಂತೆ?

ಇಲ್ಲ.

ಕಾಡ್ಗಿಚ್ಚಿನ ಹೊಗೆ ಕುಡಿದ ಶ್ವಾಸಕೋಶವನ್ನು ಶುದ್ಧಿ ಮಾಡುವ ಪುಡಿ ಬಂದಿದೆ, ತಗೊಳ್ಳಲಾ?

ಸುಮ್ನೆ ದುಡ್ಡು ದಂಡ. ಅಂಥ ಪುಡಿ ಯಾವುದೂ ಇಲ್ಲ, ಮಾರುವವರಿಗೂ ಅದು ಗೊತ್ತು. ಕಿಟಕಿ ಮುಚ್ಚಿ, ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್ ಹಾಕಿ, ಬಟ್ಟೆಯ ಮಾಸ್ಕ್ ಸಾಲದು.

ಬೆಂಕಿ ಆರಿ ಮಳೆ ಬಂದರೆ ಭಯವಿಲ್ಲ ಅಲ್ವಾ?

ಭಯ ಬೇಕಾಗಿರೋದೇ ಆಗ. ಸುಟ್ಟ ಇಳಿಜಾರು ನೀರು ಕುಡಿಯಲ್ಲ. 2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆಸಿಟೊದಲ್ಲಿ ಹಿಂದಿನ ತಿಂಗಳು ಸುಟ್ಟಿದ್ದ ಬೆಟ್ಟದಿಂದ ಕೆಸರು, ಬಂಡೆ ನುಗ್ಗಿ 20ಕ್ಕೂ ಹೆಚ್ಚು ಜನ ಸತ್ತರು. ಅಂಥ ಬೆಟ್ಟದ ಕೆಳಗೆ ಮನೆಯಿದ್ದು ಜೋರು ಮಳೆಯ ಎಚ್ಚರಿಕೆ ಬಂದರೆ ನನಗೆ ಪತ್ರ ಬರೆಯುತ್ತಾ ಕೂರಬೇಡಿ, ಮನೆ ಬಿಡಿ.