ಧಾರವಾಡದ ಪಿನ್‌ಕೋಡ್ ಯಾವ ಮಗ್ಗಿಗೂ ಸಿಗುವುದಿಲ್ಲ!

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ರಜೆಯಲ್ಲಿ ಸುಮ್ನೆ ಕೂತು ಲಕೋಟೆ ಮೇಲಿನ ಪಿನ್‌ಕೋಡ್ ಭಾಗಿಸುತ್ತಿರುತ್ತಾಳೆ. ನಮ್ಮ 580001 ಯಾವ ಸಂಖ್ಯೆಯಿಂದಲೂ ಭಾಗ ಹೋಗುತ್ತಿಲ್ಲವಂತೆ. ಅದು ಅವಿಭಾಜ್ಯ ಸಂಖ್ಯೆಯಾ? ಖಾತ್ರಿ ಮಾಡಿಕೊಳ್ಳಲು 580000 ತನಕ ಎಲ್ಲದರಿಂದಲೂ ಭಾಗಿಸಬೇಕಾ?
– ಒಬ್ಬ ತಾಯಿ, ಧಾರವಾಡ

ಉತ್ತರ: ಮೊದಲು ಮಗಳ ಕೈಗೆ ಒಂದು ಪೇಡಾ ಇಡಿ. ಹೌದು, 580001 ಅವಿಭಾಜ್ಯವೇ. 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದಕ್ಕೂ ಅದು ಬಗ್ಗುವುದಿಲ್ಲ.

ಆದರೆ ಅಷ್ಟೆಲ್ಲಾ ಭಾಗಾಕಾರ ಬೇಡ, 761ಕ್ಕೆ ನಿಲ್ಲಿಸಬಹುದು. ಯಾಕೆ ಗೊತ್ತಾ? ಸಂಖ್ಯೆ ಎರಡು ತುಂಡಾಗಿ ಒಡೆದರೆ, ಒಂದು ತುಂಡಾದರೂ ಚಿಕ್ಕದಿರಲೇಬೇಕು. ಎರಡೂ 762 ಅಥವಾ ಅದಕ್ಕಿಂತ ದೊಡ್ಡವು ಅಂದುಕೊಳ್ಳಿ, ಆಗ ಗುಣಿಸಿದರೆ ಕಡಿಮೆ ಅಂದರೂ 762 × 762, ಅಂದರೆ 580644 ಬರುತ್ತದೆ, ಅದು ನಮ್ಮ ಸಂಖ್ಯೆಯನ್ನೇ ದಾಟಿ ಹೋಯಿತಲ್ಲ! ಅದರಲ್ಲೂ 4, 6, 9 ಇವನ್ನೆಲ್ಲ ಬಿಡಿ. 2 ಮತ್ತು 3 ನೋಡಿದ ಮೇಲೆ ಅವುಗಳ ಕೆಲಸ ಮುಗಿಯಿತು. 761ರ ತನಕ ಇರುವ 135 ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು.

ನೋಡುವಾಗ ಮಜಾ ಇದೆ. 7 × 82857 ಅಂದರೆ 579999, ಎರಡು ಉಳಿಯಿತು. 29 × 20000 ಅಂದರೆ 580000, ಒಂದೇ ಒಂದು ಉಳಿಯಿತು, ಹೊಟ್ಟೆ ಉರಿಯುತ್ತದೆ! 619 × 937 ಮಾಡಿದರೆ 580003, ಎರಡು ಜಾಸ್ತಿ. ಹೀಗೆ ಪ್ರತಿ ಸಲ ಕೈಗೆ ಬಂದಿದ್ದು ಬಾಯಿಗೆ ಬರುವುದಿಲ್ಲ.

ಇದನ್ನು ಓದಿ ಹುಬ್ಬಳ್ಳಿಯವರು ಸುಮ್ಮನಿರುತ್ತಾರಾ? ಅವರ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 580020. ಬರೀ 19 ಮುಂದೆ, ಆದರೆ ಸ್ವಭಾವ ಪೂರ್ತಿ ಉಲ್ಟಾ. ಅದು 420 × 1381. ಹಾಗಾಗಿ ಅಷ್ಟು ಪೇಡಾ ಇಟ್ಟುಕೊಂಡರೆ ಒಬ್ಬರಿಂದ ಹಿಡಿದು ಏಳು ಜನರ ತನಕ ಎಷ್ಟೇ ಮಂದಿ ಬಂದರೂ ಒಂದೂ ಉಳಿಯದ ಹಾಗೆ ಸಮನಾಗಿ ಹಂಚಬಹುದು. ಅದನ್ನು ಭಾಗಿಸುವ ಸಂಖ್ಯೆಗಳು ಒಟ್ಟು 48. ಧಾರವಾಡದ್ದಕ್ಕೆ ಎರಡೇ. ವ್ಯಾಪಾರದ ಊರಿಗೆ ಹಂಚುವ ಸಂಖ್ಯೆ, ಮೇಷ್ಟ್ರುಗಳ ಊರಿಗೆ ಜಗ್ಗದ ಸಂಖ್ಯೆ ಅಂತ ನೀವು ನಗಬಹುದು, ಆದರೆ 1972ರಲ್ಲಿ ಪಿನ್‌ಕೋಡ್ ಶುರುವಾದಾಗ ಅಂಚೆಯವರು ನೋಡಿದ್ದು ಟಪಾಲು ವಿಂಗಡಿಸುವ ಅನುಕೂಲ ಅಷ್ಟೇ. ಮೊದಲ ಅಂಕಿ ವಲಯದ್ದು, ಕೊನೆಯ ಮೂರು ಅಂಚೆ ಕಚೇರಿಯದ್ದು.

ಹಾವೇರಿಯವರು ದಯವಿಟ್ಟು ಬರೆಯಬೇಡಿ. ನಿಮ್ಮದು 581110, ಕೊನೆಗೆ ಸೊನ್ನೆ, ಅಲ್ಲಿಗೆ ವಿಚಾರಣೆ ಮುಗಿಯಿತು.

ಪ್ರಶ್ನೆ: ಗದಗದ 582101 ಕೂಡ ಅವಿಭಾಜ್ಯ ಅಲ್ವಾ? 2, 3, 5, 7, 11 ಎಲ್ಲಾ ನೋಡಿದೆ, ಹೋಗಲಿಲ್ಲ.
– ಒಬ್ಬ ಓದುಗ, ಗದಗ

ಉತ್ತರ: ಒಂದೇ ಒಂದು ಹೆಜ್ಜೆ ಮೊದಲು ನಿಲ್ಲಿಸಿಬಿಟ್ಟಿರಿ ಮಾರಾಯರೇ! 13 × 44777. ಹದಿಮೂರರ ಮಗ್ಗಿ ಅಂದರೆ ಎಲ್ಲರಿಗೂ ಬೇಜಾರು, ಗೊತ್ತು. ಈಗ ಆ 44777 ಮತ್ತೆ ಒಡೆಯುತ್ತದಾ ಅಂತ ನೀವೇ ನೋಡಿ. 211ರ ತನಕ ಹೋದರೆ ಸಾಕು, ಆದರೆ ಈ ಸಲ ನಡುವೆ ನಿಲ್ಲಿಸಬೇಡಿ.